ಬೆಟ್ಟದ ಏಣಿನ ಮೇಲೆ ನಂಬರು ಕೆತ್ತಿದ ಕಲ್ಲು: ಹಳೆಯ ಗಡಿಕಲ್ಲು ಹುಡುಕುವ ಚಾರಣದ ಒಳಹೊರಗು

2021ರಲ್ಲಿ ಬೆಲ್ಜಿಯಂನ ಎರ್ಕೆಲಿನ್ ಎಂಬ ಊರಿನ ರೈತರೊಬ್ಬರ ಟ್ರ್ಯಾಕ್ಟರಿಗೆ ಒಂದು ಕಲ್ಲು ಅಡ್ಡ ಬರುತ್ತಿತ್ತು. ಅವರು ಅದನ್ನು ಕಿತ್ತು ಆಚೆಗೆ ನೆಟ್ಟರು. ಆಚೆ ಅಂದರೆ ಫ್ರಾನ್ಸ್! 1819ರಲ್ಲಿ ನೆಟ್ಟಿದ್ದ ಆ ಕಲ್ಲು ಎರಡು ದೇಶಗಳ ಗಡಿಕಲ್ಲಾಗಿತ್ತು. ಜರುಗಿದ್ದು 2.29 ಮೀಟರು. ಅಷ್ಟು ಅಗಲಕ್ಕೆ ಬೆಲ್ಜಿಯಂ ಬೆಳೆಯಿತು, ಫ್ರಾನ್ಸ್ ಸೊರಗಿತು ಎಂದು ಎರಡೂ ಕಡೆಯವರು ನಕ್ಕರು. ಕಲ್ಲನ್ನು ಮೊದಲಿದ್ದ ಜಾಗಕ್ಕೇ ಇಡಿ ಎಂದು ರೈತರಿಗೆ ಹೇಳಲಾಯಿತು.

ಇದನ್ನು ಪತ್ತೆಹಚ್ಚಿದವರು ಯಾರು ಎಂಬುದೇ ನಮಗಿಲ್ಲಿ ಮುಖ್ಯ. ಗಡಿ ಕಾಯುವ ಸಿಬ್ಬಂದಿಯ ಕಣ್ಣಿಗೆ ಅದು ಬಿದ್ದಿರಲಿಲ್ಲ. ಕಾಡಿನಲ್ಲಿ ಓಡಾಡುತ್ತಿದ್ದ ಸ್ಥಳೀಯ ಇತಿಹಾಸದ ಆಸಕ್ತರೊಬ್ಬರಿಗೆ ಕಲ್ಲು ಇರಬೇಕಾದ ಜಾಗದಲ್ಲಿಲ್ಲ ಅನ್ನಿಸಿತು. ಯುರೋಪಿನಲ್ಲಿ ಇಂಥವರ ಒಂದು ಪಂಗಡವೇ ಇದೆ. ರಜೆ ಸಿಕ್ಕರೆ ಸಾಕು, ನಕ್ಷೆ ಹಿಡಿದು ಗಡಿಯುದ್ದಕ್ಕೂ ಕಲ್ಲಿನಿಂದ ಕಲ್ಲಿಗೆ ನಡೆಯುತ್ತಾರೆ. ಬಯಲಿನಲ್ಲಾದರೆ ಇದು ಸಂಜೆಯ ವಾಯುವಿಹಾರದ ಹಾಗೆ. ಬೆಟ್ಟದಲ್ಲಿ ಹಾಗಲ್ಲ, ಅಲ್ಲಿ ಮಂಜು, ಮುಳ್ಳುಪೊದೆ, ಜಾರುವ ಬಂಡೆ, ಹಿಮ ಎಲ್ಲವೂ ಎದುರಾಗುತ್ತವೆ. ಇಷ್ಟೆಲ್ಲ ಕಷ್ಟಪಟ್ಟು ಅವರು ನೋಡಲು ಹೋಗುವ ಆ ಕಲ್ಲನ್ನು ಅಲ್ಲಿ ನೆಟ್ಟವರು ಯಾರು, ಯಾಕೆ ನೆಟ್ಟರು?

ಗಡಿಯನ್ನು ಎರಡು ಸಲ ಎಳೆಯಬೇಕು

ಎರಡು ದೇಶಗಳ ನಡುವಿನ ಗಡಿ ಒಂದೇ ಏಟಿಗೆ ಆಗುವುದಿಲ್ಲ. ಮೊದಲನೆಯದು ಕಾಗದದ ಕೆಲಸ. ಎರಡೂ ಕಡೆಯ ಪ್ರತಿನಿಧಿಗಳು ಕೂತು 'ಇಂಥ ಶಿಖರದಿಂದ ಇಂಥ ಹೊಳೆಯವರೆಗೆ' ಎಂದು ಒಪ್ಪಂದದಲ್ಲಿ ಬರೆಯುತ್ತಾರೆ. ಇದನ್ನು ಗಡಿ ನಿರ್ಣಯ ಎನ್ನೋಣ. ಎರಡನೆಯದು ಕಾಲಿನ ಕೆಲಸ. ಅಳತೆಯವರು ಬೆಟ್ಟ ಹತ್ತಿ, ಕಾಗದದಲ್ಲಿ ಬರೆದಿರುವುದು ನೆಲದ ಮೇಲೆ ನಿಖರವಾಗಿ ಎಲ್ಲಿ ಬೀಳುತ್ತದೆ ಎಂದು ನೋಡಿ ಗುರುತು ಹಾಕುತ್ತಾರೆ. ಇದು ಗಡಿ ಗುರುತಿಸುವಿಕೆ. ನಾವು ಹುಡುಕುವ ಕಲ್ಲುಗಳು ಈ ಎರಡನೇ ಕೆಲಸದಿಂದ ಉಳಿದವು.

ಹೊಲದ ಹದ್ದುಬಸ್ತು ಮಾಡಿಸಿದವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ. ಪತ್ರದಲ್ಲಿ ಚಕ್ಕುಬಂದಿ ಎಷ್ಟೇ ಚೊಕ್ಕವಾಗಿ ಬರೆದಿರಲಿ, ಬದುವಿನ ಮೇಲೆ ಬಾಂದುಕಲ್ಲು ಕೂರುವ ತನಕ ಜಗಳ ಮುಗಿಯುವುದಿಲ್ಲ. ದೇಶಗಳ ಕತೆಯೂ ಅಷ್ಟೇ. ಆದರೆ ಅಲ್ಲಿ ಈ ಎರಡು ಕೆಲಸಗಳ ನಡುವೆ ತಲೆಮಾರುಗಳೇ ಸರಿದುಹೋಗಬಹುದು.

ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಪಿರೆನೀಸ್ ಬೆಟ್ಟಸಾಲನ್ನೇ ನೋಡಿ. 1659ರ ಒಪ್ಪಂದದಲ್ಲಿ ಎರಡು ರಾಜ್ಯಗಳೂ ಈ ಬೆಟ್ಟಸಾಲೇ ನಮ್ಮ ನಡುವಿನ ಗಡಿ ಎಂದು ಒಪ್ಪಿದವು. ಕೇಳಲು ಸರಳವಾಗಿದೆ. ಆದರೆ ಬೆಟ್ಟಸಾಲೆಂದರೆ ಗೆರೆಯಲ್ಲ, ಹತ್ತಾರು ಮೈಲಿ ಅಗಲದ ಜಾಗ. ಅದರೊಳಗೆ ಊರುಗಳಿವೆ, ಹುಲ್ಲುಗಾವಲುಗಳಿವೆ. ಗೆರೆ ಅದರಲ್ಲಿ ಎಲ್ಲಿ ಹಾಯುತ್ತದೆ ಎಂಬುದನ್ನು ಕಲ್ಲು ನೆಟ್ಟು ತೀರ್ಮಾನಿಸಲು ಸುಮಾರು ಇನ್ನೂರು ವರ್ಷ ಹಿಡಿಯಿತು. 1856, 1862 ಮತ್ತು 1866ರಲ್ಲಿ ಬಯೋನ್ ನಗರದಲ್ಲಿ ಆದ ಮೂರು ಒಪ್ಪಂದಗಳು ಪಡುವಣದಿಂದ ಮೂಡಣಕ್ಕೆ ಒಂದೊಂದು ತುಂಡನ್ನು ಇತ್ಯರ್ಥ ಮಾಡಿದವು, 1868ರಲ್ಲಿ ಕೊನೆಯ ಕಡತಕ್ಕೆ ಸಹಿ ಬಿತ್ತು.

ಮಾಡಿನ ಬೆನ್ನಿನ ಮೇಲೆ ಬಿದ್ದ ಮಳೆ

ಬೆಟ್ಟದ ಗಡಿಗಳ ಬಗ್ಗೆ ಓದುವಾಗ ಮತ್ತೆ ಮತ್ತೆ ಸಿಗುವ ಪದ ಜಲವಿಭಾಜಕ. ಹೆಂಚಿನ ಮನೆಯ ಮಾಡನ್ನು ನೆನೆಸಿಕೊಳ್ಳಿ. ಎರಡು ಇಳಿಜಾರು ಕೂಡುವ ಬೆನ್ನಿನ ಈ ಬದಿಗೆ ಬಿದ್ದ ಹನಿ ಅಂಗಳಕ್ಕೆ ಇಳಿಯುತ್ತದೆ, ಆ ಬದಿಗೆ ಬಿದ್ದದ್ದು ಹಿತ್ತಲಿಗೆ. ಬೆಟ್ಟಸಾಲಿಗೂ ಅಂಥ ಬೆನ್ನಿದೆ. ಅದರ ಮೇಲೆ ಸಾಗುವ ಗೆರೆಯೇ ಜಲವಿಭಾಜಕ. ಯಾವ ದೇಶದ ನದಿಗೆ ನೀರು ಹೋಗುತ್ತದೋ ಆ ದೇಶದ ನೆಲ ಎಂದುಬಿಟ್ಟರೆ ವಾದಕ್ಕೆ ಜಾಗವಿಲ್ಲ, ಮಳೆಯೇ ಅಳತೆಗಾರ. ಜಗತ್ತಿನ ಎಷ್ಟೋ ಬೆಟ್ಟದ ಗಡಿಗಳು ಈ ತತ್ವವನ್ನು ಹಿಡಿದಿರುವುದು ಇದಕ್ಕೇ.

ಆದರೆ ಜನರು ನೀರು ಹರಿದ ಕಡೆಗೇ ಬದುಕು ಕಟ್ಟಿಕೊಂಡಿರುವುದಿಲ್ಲ. ಪಿರೆನೀಸ್‌ನಲ್ಲೇ ಆರಾನ್ ಕಣಿವೆಯ ನೀರು ಉತ್ತರಕ್ಕೆ, ಗರೋನ್ ನದಿಯಾಗಿ ಫ್ರಾನ್ಸಿಗೆ ಹರಿಯುತ್ತದೆ, ಕಣಿವೆ ಮಾತ್ರ ಸ್ಪೇನಿನದು. ಸೆರ್ದಾನ್ಯ ಎಂಬ ಬೆಟ್ಟದ ಬಯಲಿನ ನೀರು ದಕ್ಷಿಣಕ್ಕೆ, ಸ್ಪೇನಿನತ್ತ ಹರಿಯುತ್ತದೆ, ಅರ್ಧ ಬಯಲು ಫ್ರಾನ್ಸಿನದು. ಈ ಬಯಲಿನ ಹಂಚಿಕೆಯಲ್ಲೇ ಒಂದು ಸೊಗಸಾದ ಕೊಸರು ಉಳಿದಿದೆ. 1660ರಲ್ಲಿ ಇಲ್ಲಿನ 33 ಹಳ್ಳಿಗಳನ್ನು ಫ್ರಾನ್ಸಿಗೆ ಬಿಟ್ಟುಕೊಡುವುದೆಂದು ತೀರ್ಮಾನವಾಯಿತು. ಲ್ಯೀವಿಯ ಎಂಬ ಊರು ಮಾತ್ರ 'ನಾವು ಹಳ್ಳಿಯಲ್ಲ, ಪಟ್ಟಣ' ಎಂಬ ಹಳೆಯ ಸ್ಥಾನಮಾನದ ಬಲದಿಂದ ಪಟ್ಟಿಗೆ ಸೇರಲಿಲ್ಲ. ಹಾಗಾಗಿ ಇವತ್ತಿಗೂ ಸುತ್ತ ಫ್ರಾನ್ಸ್, ನಡುವೆ ಲ್ಯೀವಿಯ ಎಂಬ ಸ್ಪೇನಿನ ತುಣುಕು. ಅದರ ಸುತ್ತಲೂ ಬೇರೆಯದೇ ಗಡಿಕಲ್ಲುಗಳಿವೆ.

602 ಕಲ್ಲುಗಳ ಸಾಲು

ಪಿರೆನೀಸ್ ಗಡಿಯ ಮುಖ್ಯ ಗುರುತುಗಳು 602. ಒಂದನೇ ಕಲ್ಲು ಅಟ್ಲಾಂಟಿಕ್ ಕಡೆ, 602 ಮೆಡಿಟರೇನಿಯನ್ ಕಡೆ. ಆದರೆ ಒಂದನೇ ಕಲ್ಲು ಸಮುದ್ರದ ದಂಡೆಯಲ್ಲಿಲ್ಲ. ಸಮುದ್ರದಿಂದ ಕೆಲವು ಕಿಲೋಮೀಟರು ಬಿದಸೋವಾ ನದಿಯೇ ಗಡಿ. ನೀರೇ ಬೇಲಿಯಾಗಿರುವಾಗ ಕಲ್ಲು ಯಾಕೆ? ಗಡಿ ನದಿಯನ್ನು ಬಿಟ್ಟು ಬೆಟ್ಟ ಹತ್ತಲು ತಿರುಗುವ ಜಾಗದಲ್ಲಿ ಎಣಿಕೆ ಶುರುವಾಗುತ್ತದೆ. (ಇದೇ ನದಿಯ ನಡುಗಡ್ಡೆಯೊಂದರ ಮೇಲೆ 1659ರ ಒಪ್ಪಂದಕ್ಕೆ ಸಹಿ ಆದದ್ದು. ಆ ನಡುಗಡ್ಡೆ ಫೆಬ್ರುವರಿಯಿಂದ ಜುಲೈವರೆಗೆ ಸ್ಪೇನಿನದು, ಆಗಸ್ಟಿನಿಂದ ಜನವರಿವರೆಗೆ ಫ್ರಾನ್ಸಿನದು. ಹೀಗೆ ಪಾಳಿಯ ಮೇಲೆ ದೇಶ ಬದಲಿಸುವ ನೆಲ ಅಪರೂಪ.)

'ಕಲ್ಲು' ಎಂದಾಗ ಎಲ್ಲವೂ ಕೆತ್ತಿ ನಿಲ್ಲಿಸಿದ ಕಂಬ ಎಂದುಕೊಳ್ಳಬೇಡಿ. ಕೆಲವು ಸೊಂಟದೆತ್ತರದ ಚೌಕ ಕಂಬಗಳು. ಇನ್ನು ಕೆಲವು ನೆಲದಲ್ಲೇ ಇರುವ ಬಂಡೆಯ ಮೇಲೆ ಕೊರೆದ ಶಿಲುಬೆ ಗುರುತು, ಅದರ ಕೆಳಗೊಂದು ಸಂಖ್ಯೆ, ಅಷ್ಟೇ. ಎರಡನೇ ಬಗೆಯವನ್ನು ಹುಡುಕುವುದೇ ನಿಜವಾದ ಪರೀಕ್ಷೆ. ನೂರೈವತ್ತು ವರ್ಷದ ಮಳೆ, ಹಿಮ, ಕಲ್ಲುಹೂವು ಸೇರಿ ಆ ಗೀರುಗಳನ್ನು ಬಂಡೆಯ ಸಹಜ ಸೀಳುಗಳ ಜತೆ ಬೆರೆಸಿಬಿಟ್ಟಿರುತ್ತವೆ. ಎದುರಿಗೇ ಇದ್ದರೂ ಕಾಣದು. ಇಳಿಬಿಸಿಲು ಓರೆಯಾಗಿ ಬಿದ್ದು ಗೀರಿನೊಳಗೆ ನೆರಳು ತುಂಬಿದಾಗ ಮಾತ್ರ ತಟಕ್ಕನೆ ಶಿಲುಬೆ ಎದ್ದು ಕಾಣುತ್ತದೆ. ಆಮೇಲೆ ಕಣ್ಣು ಅಲ್ಲಿಂದ ಕೀಳುವುದಿಲ್ಲ, ಇಷ್ಟು ಹೊತ್ತು ಹೇಗೆ ಕಾಣಲಿಲ್ಲ ಎಂದೇ ಆಶ್ಚರ್ಯ.

ಕಲ್ಲು ದಟ್ಟವಾಗಿರುವುದು ಎಲ್ಲಿ?

ಈ ಚಾರಣ ಮಾಡುವವರಿಗೆ ನಡೆಯುತ್ತ ನಡೆಯುತ್ತ ಗೊತ್ತಾಗುವ ಒಂದು ಸಂಗತಿ ಇದೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳೂ ಅದೇ. ಕಲ್ಲುಗಳು ಸಮಾನ ಅಂತರದಲ್ಲಿಲ್ಲ.

602ರಲ್ಲಿ 1ರಿಂದ 272ರವರೆಗಿನವು 1856ರ ಒಪ್ಪಂದದವು, ಅಂದರೆ ಪಡುವಣದ ತಗ್ಗು ಬೆಟ್ಟಗಳವು. 273ರಿಂದ 426ರವರೆಗಿನ 154 ಕಲ್ಲುಗಳು ನಡುವಿನ, ಪಿರೆನೀಸ್‌ನ ಅತಿ ಎತ್ತರದ ಶಿಖರಗಳ ಭಾಗದವು. ಈ ಭಾಗವೇ ಹೆಚ್ಚು ಉದ್ದ, ಆದರೂ ಕಲ್ಲು ಕಡಿಮೆ. ನಡುವೆ ಸಿಗುವ ಪುಟ್ಟ ದೇಶ ಅಂಡೋರಾದಾಚೆ ಸಮುದ್ರದವರೆಗೆ 427ರಿಂದ 602. ಎತ್ತರದ ಬೆಟ್ಟದಲ್ಲಿ ಗಡಿಕಾವಲು ಬಿಗಿಯಾಗಿರಬೇಕಲ್ಲ, ಅಲ್ಲಿ ಕಲ್ಲು ಯಾಕೆ ಕಡಿಮೆ?

ಮೂರು ಸಾವಿರ ಮೀಟರಿನ ಚೂಪು ಏಣಿನ ಮೇಲೆ ಗಡಿ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ನಿಲ್ಲುವುದಕ್ಕೇ ಜಾಗವಿಲ್ಲದ ಕಡೆ ಜಗಳ ಎಲ್ಲಿಂದ ಬರಬೇಕು? ಜಗಳ ಬರುವುದು ಹುಲ್ಲಿದ್ದಲ್ಲಿ. ಪಡುವಣದ ಬೆಟ್ಟಗಳು ಗುಂಡು ನೆತ್ತಿಯ ಹಸಿರು ಗುಡ್ಡಗಳು. ಬೆನ್ನು ಎಲ್ಲಿ ಮುಗಿಯಿತು, ಇಳಿಜಾರು ಎಲ್ಲಿ ಶುರುವಾಯಿತು ಎಂದು ಹೇಳಲಾಗದು. ಎರಡೂ ಕಣಿವೆಗಳ ದನ, ಕುರಿ ಬೇಸಗೆಯಲ್ಲಿ ಅದೇ ಹುಲ್ಲಿಗೆ, ಅದೇ ಒರತೆಗೆ ಬರುತ್ತವೆ. ಹಾಗಾಗಿ ಅಲ್ಲಿ ಕಲ್ಲಿನ ಮೇಲೆ ಕಲ್ಲು. ದಾರಿ ಹಾಯುವ ಕಣಿವೆಬಾಯಿಗಳಲ್ಲೂ ಹಾಗೆಯೇ. ಕಲ್ಲುಗಳ ಸಾಲೆಂದರೆ ದನಗಾಹಿಗಳ ತಕರಾರುಗಳ ನಕ್ಷೆ.

262ನೇ ಕಲ್ಲಿನ ಬಳಿ ಇದನ್ನು ಕಣ್ಣಾರೆ ನೋಡಬಹುದು. ಪಿಯೆರ್ ಸೇಂಟ್ ಮಾರ್ಟಿನ್ ಎಂಬ ಕಣಿವೆಬಾಯಿ, ಎತ್ತರ ಸುಮಾರು 1,760 ಮೀಟರು. ಪ್ರತಿ ವರ್ಷ ಜುಲೈ 13ರಂದು ಫ್ರಾನ್ಸಿನ ಬಾರೆತು ಕಣಿವೆಯವರು ಸ್ಪೇನಿನ ರೊಂಕಾಲ್ ಕಣಿವೆಯವರಿಗೆ ಇಲ್ಲಿ ಮೂರು ಹಸು ಕೊಡುತ್ತಾರೆ. ಹಸುಗಳು ಎರಡು ವರ್ಷದವಾಗಿರಬೇಕು, ಬಣ್ಣ, ಕೊಂಬು ಒಂದೇ ತೆರನಾಗಿರಬೇಕು, ಊನ ಇರಬಾರದು. ಎರಡೂ ಕಡೆಯ ಹಿರಿಯರು ಕಲ್ಲಿನ ಮೇಲೆ ಒಬ್ಬರ ಕೈಮೇಲೊಬ್ಬರು ಕೈಯಿಟ್ಟು, ಮುಂದೆಯೂ ಶಾಂತಿ ಇರಲಿ ಎಂಬ ಅರ್ಥದ 'ಪಾಕ್ಸ್ ಅವಾಂತ್' ಎಂಬ ಮಾತನ್ನು ಮೂರು ಸಲ ಹೇಳುತ್ತಾರೆ. ಹುಲ್ಲು, ನೀರಿನ ಜಗಳ ಹೊಡೆದಾಟಕ್ಕೆ ಹೋಗಿ, 1375ರಲ್ಲಿ ಪಂಚಾಯಿತಿ ಮಾಡಿ ಕೊಟ್ಟ ತೀರ್ಪಿನ ಮುಂದುವರಿಕೆ ಇದು. ಹತ್ತೊಂಬತ್ತನೇ ಶತಮಾನದಲ್ಲಿ ಎರಡು ದೇಶಗಳು ಗಡಿ ಎಳೆಯಲು ಬಂದಾಗ ಈ ಕಟ್ಟಳೆಯನ್ನು ಮುರಿಯಲಿಲ್ಲ, ಒಪ್ಪಂದದೊಳಗೇ ಸೇರಿಸಿಕೊಂಡವು. ಗಡಿಗಿಂತ ಕರಾರು ಹಳೆಯದು.

ಕಲ್ಲನ್ನು ಓದುವುದು ಹೇಗೆ

ಹಳೆಯ ಗಡಿಕಲ್ಲು ಒಂದು ಪುಟ್ಟ ಕಡತ. ಬದಿಗಳಲ್ಲಿ ಸಂಖ್ಯೆ, ಇಸವಿ, ರಾಜ್ಯಗಳ ಮೊದಲಕ್ಷರ ಅಥವಾ ಲಾಂಛನ ಇರಬಹುದು. ಅಕ್ಷರ ಯಾವ ಬದಿಯಲ್ಲಿದೆಯೋ ಆ ಬದಿ ಆ ರಾಜ್ಯದ ನೆಲ ಎನ್ನುವುದು ಸಾಮಾನ್ಯ ಪದ್ಧತಿ. ಆದರೆ ಬಹಳ ಜನ ನೋಡುವುದನ್ನೇ ಮರೆಯುವುದು ಕಲ್ಲಿನ ನೆತ್ತಿಯನ್ನು. ಮಧ್ಯ ಯುರೋಪಿನ ಎಷ್ಟೋ ಕಲ್ಲುಗಳ ತಲೆಯ ಮೇಲೆ ಬೆರಳು ಹಿಡಿಸುವಷ್ಟು ಒಂದು ಗೀರು ಇರುತ್ತದೆ. ಗಡಿ ನೇರ ಹೋಗುವಲ್ಲಿ ಗೀರೂ ನೇರ, ಗಡಿ ತಿರುಗುವಲ್ಲಿ ಗೀರೂ ಅದೇ ಕೋನಕ್ಕೆ ಮುರಿದಿರುತ್ತದೆ. ಗೀರಿನ ನೇರಕ್ಕೆ ಕಣ್ಣಿಟ್ಟು ನೋಡಿದರೆ ಮುಂದಿನ ಕಲ್ಲಿನ ದಿಕ್ಕು ಸಿಕ್ಕಿತು.

ಕಲ್ಲನ್ನು ರಾತ್ರೋರಾತ್ರಿ ಜರುಗಿಸುವವರು ಎಲ್ಲ ಕಾಲದಲ್ಲೂ ಇದ್ದರು. ಅದಕ್ಕೆ ಹಳೆಯ ಅಳತೆಯವರು ಕಂಡುಕೊಂಡಿದ್ದ ಉಪಾಯಕ್ಕೆ 'ಸಾಕ್ಷಿ' ಎಂದು ಹೆಸರು. ಕಲ್ಲು ನೆಡುವ ಮೊದಲು ಗುಂಡಿಯ ತಳದಲ್ಲಿ ಇದ್ದಿಲು, ಗಾಜಿನ ಚೂರು ಅಥವಾ ಒಡೆದ ಹೆಂಚಿನ ತುಂಡುಗಳನ್ನು ಹೂಳುತ್ತಿದ್ದರು. ಇದ್ದಿಲು ಕೊಳೆಯುವುದಿಲ್ಲ. ಹೆಂಚಿನ ತುಂಡುಗಳನ್ನು ಹೊರತೆಗೆದು ಜೋಡಿಸಿದರೆ ಒಂದಕ್ಕೊಂದು ಕೂತು ಇಡೀ ಹೆಂಚಾಗಬೇಕು. ಆಗ ಅವು ತಾವಾಗಿ ಬಂದು ಬಿದ್ದವಲ್ಲ, ಉದ್ದೇಶಪಟ್ಟು ಹೂತವು ಎಂದು ಸಾಬೀತು. ಕಲ್ಲು ಕದ್ದವನಿಗೆ ಕೆಳಗಿನ ಸಾಕ್ಷಿಯ ಸುದ್ದಿ ಗೊತ್ತಿರುತ್ತಿರಲಿಲ್ಲ. ಜರ್ಮನ್ ಮಾತಾಡುವ ಸೀಮೆಗಳಲ್ಲಿ ಇದಕ್ಕೆಂದೇ ಗುರುತು ಒತ್ತಿದ ಸುಟ್ಟಮಣ್ಣಿನ ಬಿಲ್ಲೆಗಳನ್ನು ಮಾಡಿಸುತ್ತಿದ್ದರು.

ನಕ್ಷೆ ಸರಿಯೋ, ಕಲ್ಲು ಸರಿಯೋ?

ಜಿಪಿಎಸ್ ಹಿಡಿದು ಹೋದವರಿಗೆ ಹುಟ್ಟುವ ಗೊಂದಲ ಇದು. ಒಪ್ಪಂದದಲ್ಲಿ ಬರೆದ ಗೆರೆ ಒಂದು ಕಡೆ, ಕಲ್ಲು ಹತ್ತಾರು ಮೀಟರು ಆಚೆ. ಯಾವುದು ಗಡಿ? ಎರಡೂ ದೇಶಗಳು ಒಪ್ಪಿ ನೆಟ್ಟ ಕಲ್ಲಾದರೆ, ಸಾಮಾನ್ಯವಾಗಿ ಕಲ್ಲೇ ಗಡಿ.

ಅಮೆರಿಕ ಮತ್ತು ಕೆನಡಾ ನಡುವಿನ ಉದ್ದನೆಯ ಗಡಿಯ ಪಡುವಣ ಭಾಗ ಇದಕ್ಕೆ ದೊಡ್ಡ ಉದಾಹರಣೆ. ಕಾಗದದ ಮೇಲೆ ಅದು 49ನೇ ಅಕ್ಷಾಂಶ, ನೇರ ಗೆರೆ. ನೆಲದ ಮೇಲೆ ಕಂಬದಿಂದ ಕಂಬಕ್ಕೆ ಅತ್ತಿತ್ತ ಓಲಾಡುತ್ತದೆ, ಕೆಲವೆಡೆ ನಿಜವಾದ ಅಕ್ಷಾಂಶದಿಂದ ನೂರಾರು ಅಡಿ ದೂರ. ಅಳತೆಯವರು ದಡ್ಡರಾಗಿರಲಿಲ್ಲ. ಅವರು ನಕ್ಷತ್ರ ನೋಡಿ ಅಕ್ಷಾಂಶ ಲೆಕ್ಕ ಹಾಕುತ್ತಿದ್ದರು. ಅದಕ್ಕೆ 'ನೆಟ್ಟಗೆ ಮೇಲೆ' ಯಾವುದು ಎಂದು ಗೊತ್ತಿರಬೇಕು, ಅಂದರೆ ಗಾರೆ ಕೆಲಸದವರ ತೂಗುಗುಂಡಿನ ದಾರದ ನೇರವನ್ನು ನಂಬಬೇಕು. ಆದರೆ ಪಕ್ಕದಲ್ಲಿ ಭಾರೀ ಬೆಟ್ಟವಿದ್ದರೆ ಅದು ತನ್ನ ಗುರುತ್ವದಿಂದ ಗುಂಡನ್ನು ಒಂದಿಷ್ಟೇ ಇಷ್ಟು ತನ್ನತ್ತ ಸೆಳೆಯುತ್ತದೆ. ಕಣ್ಣಿಗೆ ಕಾಣದ ಆ ಓಲು ಲೆಕ್ಕಕ್ಕೆ ಬರುವಾಗ ನೆಲದ ಮೇಲೆ ನೂರಾರು ಅಡಿಯ ವ್ಯತ್ಯಾಸವಾಗುತ್ತದೆ. ತಪ್ಪನ್ನು ತಿದ್ದಿ ಕಂಬ ಕೀಳುವ ಗೋಜಿಗೆ ಯಾರೂ ಹೋಗಲಿಲ್ಲ. ಒಂದು ಕಂಬದಿಂದ ಮುಂದಿನ ಕಂಬಕ್ಕೆ ಎಳೆದ ನೇರ ಗೆರೆಯೇ ಗಡಿ ಎಂದು 1925ರ ಒಪ್ಪಂದದಲ್ಲಿ ಒಪ್ಪಿಕೊಂಡರು.

ಬೆಟ್ಟದ ಬೆನ್ನೇ ಜರುಗಿದರೆ

ಬಂಡೆಯ ಬೆನ್ನು ಜರುಗುವುದಿಲ್ಲ, ಹಿಮದ ಬೆನ್ನು ಜರುಗುತ್ತದೆ. ಆಲ್ಪ್ಸ್‌ನ ಎತ್ತರದಲ್ಲಿ ಜಲವಿಭಾಜಕ ಕೆಲವೆಡೆ ಹಿಮನದಿಯ ಮೇಲೆ ಹಾದುಹೋಗುತ್ತದೆ, ಅಲ್ಲಿ ಕಲ್ಲು ನೆಟ್ಟರೂ ನಿಲ್ಲದು. ಹಿಮ ಕರಗಿದಂತೆ ಬೆನ್ನಿನ ಜಾಗ ಬದಲಾಗುತ್ತದೆ. ಇಟಲಿ 2006ರಲ್ಲಿ ಆಸ್ಟ್ರಿಯಾ ಜತೆ, 2009ರಲ್ಲಿ ಸ್ವಿಟ್ಜರ್ಲೆಂಡ್ ಜತೆ ಇಂಥ ಕಡೆ ಗಡಿಯೂ ಹಿಮದೊಡನೆ ಸರಿಯಲಿ ಎಂದು ಒಪ್ಪಂದ ಮಾಡಿಕೊಂಡಿತು. ಇದರಿಂದ ಒಂದು ಚಾರಣಿಗರ ತಂಗುಮನೆ ಪೇಚಿಗೆ ಸಿಕ್ಕಿತು. ಮ್ಯಾಟರ್‌ಹಾರ್ನ್ ಬಳಿ, ಸುಮಾರು 3,480 ಮೀಟರ್ ಎತ್ತರದ ಟೆಸ್ಟಾ ಗ್ರಿಜಾದಲ್ಲಿ 1984ರಲ್ಲಿ ಇಟಲಿಯ ನೆಲದಲ್ಲಿ ಕಟ್ಟಿದ ಮನೆ ಅದು. ತಿಯೋಡುಲ್ ಹಿಮನದಿ ಕರಗುತ್ತ ಬಂದಂತೆ ಜಲವಿಭಾಜಕ ಮನೆಯ ಕೆಳಗೇ ಹಾಯ್ದು, ಮಲಗುವ ಹಾಸಿಗೆಗಳಲ್ಲಿ ಬಹುಪಾಲು ಸ್ವಿಟ್ಜರ್ಲೆಂಡಿಗೆ ಸೇರುವ ಪರಿಸ್ಥಿತಿ ಬಂತು. ಆ ಸುತ್ತಿನ ಗಡಿ ತಿದ್ದುಪಡಿಗೆ ಸ್ವಿಟ್ಜರ್ಲೆಂಡ್ 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು.

ಉಲ್ಟಾ ಉದಾಹರಣೆಯೂ ಇದೆ. 1991ರಲ್ಲಿ 3,210 ಮೀಟರ್ ಎತ್ತರದಲ್ಲಿ ಚಾರಣಿಗರಿಬ್ಬರಿಗೆ ಹಿಮದಲ್ಲಿ ಹೂತಿದ್ದ, ಐದು ಸಾವಿರ ವರ್ಷಕ್ಕೂ ಹಳೆಯ ಮನುಷ್ಯನ ದೇಹ ಸಿಕ್ಕಿತು. ಈಗ ಓಟ್ಜಿ ಎಂದು ಹೆಸರಾದವನು. ಆ ಜಾಗದ ನೀರು ಹರಿಯುವುದು ಆಸ್ಟ್ರಿಯಾದತ್ತ. ಆದರೆ ಮೊದಲ ಮಹಾಯುದ್ಧದ ನಂತರ ಗಡಿ ಗುರುತಿಸುವಾಗ ಹಿಮನದಿ ಅಡ್ಡ ಇದ್ದುದರಿಂದ ಗೆರೆ ತುಸು ಉತ್ತರಕ್ಕೆ ಬಿದ್ದಿತ್ತು. ಮತ್ತೆ ಅಳೆದು ನೋಡಿದರೆ ದೇಹ ಸಿಕ್ಕ ಜಾಗ ಗಡಿಯಿಂದ 92.56 ಮೀಟರ್ ಇಟಲಿಯ ಒಳಗೆ. ನೀರಿನ ಮಾತು ನಡೆಯಲಿಲ್ಲ, ಹಳೆಯ ಅಳತೆ ಗೆದ್ದಿತು. ಓಟ್ಜಿ ಇಟಲಿಯ ಬೊಲ್ಜಾನೊದ ಸಂಗ್ರಹಾಲಯದಲ್ಲಿದ್ದಾನೆ.

ಹುಡುಕಲು ಹೊರಟಾಗ

ಗಡಿಯ ಗೆರೆ ಬೇರೆ, ನಡೆಯುವ ದಾರಿ ಬೇರೆ. ಪಿರೆನೀಸ್‌ನಲ್ಲಿ ಸಮುದ್ರದಿಂದ ಸಮುದ್ರಕ್ಕೆ ಮೂರು ಹೆಸರಾಂತ ಚಾರಣಹಾದಿಗಳಿವೆ: ಫ್ರಾನ್ಸ್ ಬದಿಯ ಜಿಆರ್10, ಸ್ಪೇನ್ ಬದಿಯ ಜಿಆರ್11, ನಡುವೆ ಎತ್ತರದಲ್ಲಿ ಸಾಗುವ ಸುಮಾರು 800 ಕಿಲೋಮೀಟರಿನ ಎಚ್‌ಆರ್‌ಪಿ. ಮೂರೂ ಗಡಿಯನ್ನು ಅಲ್ಲಲ್ಲಿ ಮುಟ್ಟಿ ಹೋಗುತ್ತವೆಯೇ ಹೊರತು ಕಲ್ಲುಸಾಲಿನ ಮೇಲೇ ನಡೆಯುವುದಿಲ್ಲ. ಕಲ್ಲು ಬೇಕಾದರೆ ದಾರಿ ಬಿಡಬೇಕು.

1:25,000 ಪ್ರಮಾಣದ ನಕ್ಷೆಯಲ್ಲಿ ಕಲ್ಲುಗಳ ಸಂಖ್ಯೆ ಸಾಮಾನ್ಯವಾಗಿ ಇರುತ್ತದೆ. ಅದರ ಜತೆಗೆ ಒಪ್ಪಂದದ ಕಡತವನ್ನು ಓದಿಕೊಂಡು ಹೋಗುವವರೂ ಇದ್ದಾರೆ, ಏಕೆಂದರೆ ಪ್ರತಿ ಗುರುತಿನ ಜಾಗವನ್ನೂ ಅದರಲ್ಲಿ ಮಾತಿನಲ್ಲಿ ಬರೆದಿದೆ: ಇಂಥ ಒರತೆಯ ಬಳಿ, ಇಂಥ ಬಂಡೆಯ ಮೇಲೆ ಎಂದು. ಒರತೆ ಬತ್ತಿರಬಹುದು, ಬಂಡೆ ಅಲ್ಲೇ ಇರುತ್ತದೆ. ಬೇಸಗೆಯ ಕೊನೆ ಒಳ್ಳೆಯ ಕಾಲ. ಎತ್ತರದಲ್ಲಿ ಹಿಮ ಕರಗಿರುತ್ತದೆ. ಆದರೆ ತಗ್ಗಿನ ಇಳಿಜಾರುಗಳಲ್ಲಿ ಆಗ ಜರೀಗಿಡ ಎದೆಯೆತ್ತರ ಬೆಳೆದು ಕಲ್ಲನ್ನು ನುಂಗಿರುತ್ತದೆ. ಗುಡುಗು ಕೇಳಿದರೆ ಏಣಿನಿಂದ ಇಳಿಯಿರಿ, ಕಲ್ಲು ನಾಳೆಯೂ ಅಲ್ಲೇ ಇರುತ್ತದೆ.

ಕಾನೂನು ಎಲ್ಲ ಕಡೆ ಒಂದೇ ಅಲ್ಲ. ಫ್ರಾನ್ಸ್ ಮತ್ತು ಸ್ಪೇನ್ ಎರಡೂ ಯುರೋಪಿನ ದೇಶಗಳ ನಡುವೆ ಮುಕ್ತ ಓಡಾಟಕ್ಕೆಂದು ಮಾಡಿಕೊಂಡ ಶೆಂಗೆನ್ ವ್ಯವಸ್ಥೆಯಲ್ಲಿವೆ, 1995ರಿಂದ ಕಲ್ಲಿನ ಆಚೀಚೆ ಕಾಲಿಡುವುದಕ್ಕೆ ತಡೆಯಿಲ್ಲ. ಅಮೆರಿಕದ ಪೆಸಿಫಿಕ್ ಕ್ರೆಸ್ಟ್ ಹಾದಿ ಕೆನಡಾ ಗಡಿಯ 78ನೇ ಸ್ಮಾರಕಕಂಬದ ಬಳಿ ಮುಗಿಯುತ್ತದೆ. ಅಲ್ಲಿಂದ ಕೆನಡಾದೊಳಕ್ಕೆ ನಡೆದು ಹೋಗಲು ಚಾರಣಿಗರಿಗಿದ್ದ ವಿಶೇಷ ಅನುಮತಿಯನ್ನು ಕೆನಡಾ 2025ರ ಜನವರಿಯಲ್ಲಿ ನಿಲ್ಲಿಸಿತು. ಕಂಬ ಮುಟ್ಟಿ ಬಂದ ದಾರಿಯಲ್ಲೇ ಹಿಂತಿರುಗಬೇಕು. ಸೇನೆ ಕಾಯುವ ಗಡಿಗಳಲ್ಲಂತೂ ಫೋಟೊ ತೆಗೆಯುವುದೇ ಅಪರಾಧವಾಗಬಹುದು, ಮೊದಲೇ ವಿಚಾರಿಸಿ.

ಕಲ್ಲು ಸಿಕ್ಕಾಗ ಅಕ್ಷರ ಕಾಣಲಿ ಎಂದು ಕಲ್ಲುಹೂವನ್ನು ಕೆರೆಯಬಾರದು, ಸೀಮೆಸುಣ್ಣ ಬಳಿಯಬಾರದು. ನೀರು ಚಿಮುಕಿಸಿದರೆ ಅಥವಾ ಬದಿಯಿಂದ ಟಾರ್ಚು ಹಿಡಿದರೆ ಗೀರು ಕಾಣುತ್ತದೆ. ವಾಲಿದ್ದರೆ ನೆಟ್ಟಗೆ ಮಾಡಲು ಹೋಗಬೇಡಿ, ಅದು ಎರಡು ಸರ್ಕಾರಗಳ ಆಸ್ತಿ. ಫೋಟೊ ತೆಗೆದು ಹತ್ತಿರದ ಸ್ಥಳೀಯ ಆಡಳಿತಕ್ಕೆ ತಿಳಿಸಿದರೆ ಸಾಕು.

ಪೂರ್ತಿ ಸಾಲನ್ನು ಮುಗಿಸಬೇಕೆನ್ನುವವರಿಗೆ ಕೊನೆಯ ಗುರುತು ಬೆಟ್ಟದ ಮೇಲಿಲ್ಲ. ಬೆಟ್ಟಸಾಲು ಸೆರ್ಬೆರ್ ಭೂಶಿರದಲ್ಲಿ ಕಡಿದಾಗಿ ಮೆಡಿಟರೇನಿಯನ್ನಿಗೆ ಇಳಿಯುತ್ತದೆ. 602 ಇರುವುದು ಅಲ್ಲಿ, ಅಲೆ ಬಡಿಯುವ ಬಂಡೆಗಳ ನಡುವೆ, ಕೋವಾ ಫೊರಾದಾದಾ ಎಂಬ ಗವಿಯ ಹತ್ತಿರ. ವಾರಗಟ್ಟಲೆ ಏಣಿನ ಮೇಲೆ ನಡೆದು ಬಂದವರು ಅದನ್ನು ನೋಡಲು ಸಮುದ್ರದ ಮಟ್ಟಕ್ಕೆ ಇಳಿಯಬೇಕು.